ವಿಭೂತಿ ಹಚ್ಚಿದ ಸೀಡಿ

ಪೂಜೆಯ ವಿಷಯದಲ್ಲಿ ನಮ್ಮ ಅತ್ತೆಯ ಕೈ ಧಾರಾಳ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಇಳಕಲ್ಲಿನ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ, ಕತ್ತರಿ, ಸ್ಕೂಟರು, ಮಿಕ್ಸರು, ಯಾವುದಕ್ಕೂ ವಿಭೂತಿ ತಪ್ಪುವುದಿಲ್ಲ. ನನ್ನ ಸೀಡಿಗೂ ತಪ್ಪಿಲ್ಲವೆಂದು ನನಗೆ ತಿಳಿದದ್ದು ಹೋದ ವರ್ಷ, ಅದು ಬೇಕಾದಾಗ.

ಬೇಕಾದದ್ದು ನಾದಿನಿಗೆ, ನನ್ನ ಗಂಡನ ತಂಗಿಗೆ. ಬಿಸಿಎ ಓದುತ್ತಿದ್ದವಳನ್ನು ನಡುವೆಯೇ ಬಿಡಿಸಿ ಕೆರೂರಿಗೆ ಮದುವೆ ಮಾಡಿಕೊಟ್ಟಿದ್ದರು. ಆ ಸಂಸಾರ ಹೊಂದಲಿಲ್ಲ, ತವರಿಗೆ ಮರಳಿದಳು. ಮೂವತ್ತು ದಾಟಿದ ಮೇಲೆ ಹುನಗುಂದದ ಒಂದು ಕಾಲೇಜಿನಲ್ಲಿ ಮತ್ತೆ ಮೊದಲಿನಿಂದ ಸೇರಿಕೊಂಡಳು. ಸಿ ಭಾಷೆಯ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು. ಲ್ಯಾಬಿನಲ್ಲಿ ಉಳಿದ ಹುಡುಗಿಯರ ಬೆರಳು ಓಡುವಾಗ ತಾನು ಒಂದೊಂದೇ ಅಕ್ಷರ ಹುಡುಕುತ್ತ ಕೂರಬೇಕಾಗುತ್ತದೆ, ಮನೆಯಲ್ಲಿ ರೂಢಿ ಮಾಡದಿದ್ದರೆ ಪರೀಕ್ಷೆಗೇ ಹೋಗುವುದಿಲ್ಲ ಎಂದು ಕೂತುಬಿಟ್ಟಳು.

ನನ್ನ ಲ್ಯಾಪ್‌ಟಾಪು ಕಚೇರಿಯದು, ಅದರಲ್ಲಿ ಬೇರೇನೂ ಹಾಕುವಂತಿಲ್ಲ. ಉಳಿದದ್ದು ಗಂಡನ ಹಳೆಯ ಕಂಪ್ಯೂಟರು, ಅದರಲ್ಲಿ ಹಳೆಯ ಕಾಲದ ವಿಂಡೋಸು. ಪ್ರೋಗ್ರಾಂ ಬರೆದರೆ ಸಾಲದು, ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರು ಬೇಕು. ಅದೇನೋ ಪುಕ್ಕಟೆ ಸಿಗುತ್ತದೆ. ಹೊಸದನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ, ಈ ಹಳೆಯ ಮನೆಯಲ್ಲಿ ತಾನು ಬಾಳಲಾರೆ ಎಂದು ಹೊಸ ಸೊಸೆಯ ಹಾಗೆ ಮುಖ ತಿರುವಿತು. ಹಳೆಯ ಕಂಪೈಲರೇ ಬೇಕಿತ್ತು. ಅದು ನಾನು ಕಲಿಯುವಾಗ ಬಳಸಿದ ಸೀಡಿಯಲ್ಲಿತ್ತು.

"ಅತ್ತೀ, ಕಪಾಟಿನ್ಯಾಗ ನಂದೊಂದು ಸೀಡಿ ಇತ್ತಲ್ರಿ?"

ಅತ್ತೆ ಅದನ್ನು ದೇವರ ಜಗಲಿಯಿಂದ ತಂದರು. ಹೊಳೆಯುವ ಮಗ್ಗುಲಿಗೆ ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮ. ನಾನು ಹೆಸರು ಬರೆದ ಮಗ್ಗುಲು ಬೆನ್ನು, ಹೊಳೆಯುವುದೇ ಮುಖ ಎಂದು ತಿಳಿದಿದ್ದರು. ಬೆನ್ನಿಗೆ ಯಾರಾದರೂ ವಿಭೂತಿ ಹಚ್ಚುತ್ತಾರೆಯೇ? ಆದರೆ ಕಂಪ್ಯೂಟರು ಓದುವುದೂ ಆ ಮುಖವನ್ನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ! ನನಗೆ ನಗುವೂ ಬಂತು, ಸಿಟ್ಟೂ ಬಂತು.

"ನನ್ನ ವಿದ್ಯಾ ಎಲ್ಲಾ ಇದರಾಗ ಐತಿ ಅಂತ ನೀನ ಅಂದಿದ್ದೆಲ್ಲವಾ. ಅದಕ್ಕ ಜಗಲಿ ಮ್ಯಾಲ ಇಟ್ಟಿದ್ನಿ," ಎಂದರು.

ನಾದಿನಿ ನಗಲಿಲ್ಲ. ನನ್ನ ಕಡೆ ಕೈ ತೋರಿಸಿದಳು. "ವೈನೀ ವಿದ್ಯಾಕ್ಕಾದ್ರ ಪೂಜಿ, ನನ್ನ ಪುಸ್ತಕಾ ಮದುವ್ಯಾಗ ರದ್ದಿಗೆ. ಹೌದಿಲ್ಲಬೇ ಯವ್ವಾ?"

ಅತ್ತೆ ಹಳೆಯ ಸೀರೆಯ ಮೆತ್ತನೆಯ ತುಂಡೊಂದನ್ನು ನೆನೆಸಿಕೊಂಡು ಒರೆಸಲು ಕೂತರು. ಸುತ್ತ ತಿರುವಬೇಡಿ, ನಡುವಿನಿಂದ ಅಂಚಿಗೆ ಒರೆಸಿ ಎಂದೆ. ಕೂಸಿನ ಮುಖ ಒರೆಸುವಷ್ಟು ಹಗುರಾಗಿ ಒರೆಸಿದರು. ಅವರ ಬಗ್ಗಿದ ತಲೆ ನೋಡಿ ನನ್ನ ಸಿಟ್ಟು ಇಳಿಯಿತು. ಪಾಪ ಅನ್ನಿಸಿತು, ಇಬ್ಬರ ಮೇಲೂ.

ಕಂಪ್ಯೂಟರಿಗೆ ಹಾಕಿದರೆ ಸೀಡಿ ಗುರ್ರೆಂದಿತು, ನಿಂತಿತು. ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೇ ಸಿಕ್ಕಿಕೊಂಡಿತು. ಅತ್ತೆ ಮತ್ತೆ ತೆಗೆಸಿಕೊಂಡು ಒರೆಸಿದರು. ಈ ಸಲ ಪಟ್ಟಿ ತುದಿ ಮುಟ್ಟಿತು. ನಾದಿನಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆದಳು, ತಪ್ಪು ತೋರಿಸಿತು, ತಿದ್ದಿದಳು, ಓಡಿತು. ಅಂದಿನಿಂದ ದಿನಾಲೂ ಆ ಕಂಪ್ಯೂಟರಿನ ಮುಂದೆ ಕೂತಳು. ಅವ್ವನ ಜೊತೆ ಮಾತು ಮಾತ್ರ ಅಷ್ಟಕ್ಕಷ್ಟೇ.

ಪರೀಕ್ಷೆಯ ದಿನ ಅತ್ತೆ ಯಾರೂ ಕರೆಯದೆಯೇ ತಯಾರಾಗಿ ನಮ್ಮ ಜೊತೆ ಹುನಗುಂದದ ಬಸ್ಸು ಹತ್ತಿದರು. ನಾದಿನಿ ಒಳಗೆ ಹೋದಳು. ನಾವು ಕಾಲೇಜಿನ ಹೊರಗಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕೂತೆವು. ಹುಡುಗಿಯರು ಒಬ್ಬೊಬ್ಬರಾಗಿ ಹೊರಬರತೊಡಗಿದಾಗ ಪಕ್ಕದಲ್ಲಿ ಕಾಯುತ್ತಿದ್ದ ಒಬ್ಬ ತಾಯಿ, "ಮೊಮ್ಮಗಳ ಸಂಗಾಟ ಬಂದೀರೇನ್ರಿ?" ಎಂದು ಕೇಳಿದರು.

"ಮಗಳ್ರಿ," ಎಂದರು ಅತ್ತೆ. "ಹಿಂದಕ ಭಾಳ ಚಲೋ ಓದತಿದ್ಲು. ನಾನ ಹಟಾ ಮಾಡಿ ಬಿಡಿಸಿದ್ನಿ. ತಪ್ಪು ನಂದರಿ."

ಮನೆಯಲ್ಲಿ ಈ ಮಾತನ್ನು ಅವರು ಒಮ್ಮೆಯೂ ಆಡಿರಲಿಲ್ಲ. ತಿರುಗಿ ನೋಡಿದರೆ ನಾದಿನಿ ನಮ್ಮ ಹಿಂದೆಯೇ ನಿಂತಿದ್ದಳು. ಕಣ್ಣೊರೆಸಿಕೊಂಡು ಬಂದು ಅವ್ವನ ಮಗ್ಗುಲಿಗೆ ಒತ್ತಿ ಕೂತಳು.

"ಪ್ರೋಗ್ರಾಂ ಓಡಿತಬೇ," ಎಂದಳು.

ಅತ್ತೆ ಅವಳ ಕೈ ಹಿಡಿದರು. ಬಸ್ಸು ಬರುವವರೆಗೂ ಬಿಡಲಿಲ್ಲ.