ಬೀಗರು ಅತ್ತರೆ ಮಾತ್ರ ಲೆಕ್ಕ

ಸಂಗೀತಕ್ಕೆ ಕಿವಿಯೊಂದಿದ್ದರೆ ಸಾಕು ಎನ್ನುವವರು ಲಗ್ನದ ದಿನಗಳಲ್ಲಿ ನಮ್ಮ ಕಡೆ ಬಂದವರಲ್ಲ. ಬಂದಿದ್ದರೆ, ಕ್ಲಾರಿಯೋನೆಟ್ ಹಿಡಿದವನ ಬೆರಳಿಗಿಂತ ಮೊದಲು ಅವನ ಟೋಪಿಗೆ ಗರಿ ಇದೆಯೋ ಇಲ್ಲವೋ ಎಂದು ನೋಡುವ ಮಂದಿಯನ್ನು ಕಂಡು ಸುಮ್ಮನೆ ಉಂಡು ಹೋಗುತ್ತಿದ್ದರು. ನಾನು ಹರೆಯವನ್ನೆಲ್ಲ ಲಗ್ನದ ಬ್ಯಾಂಡಿನಲ್ಲಿ ಊದಿ ಕಳೆದವನು. ಈಗ ಸರಕಾರಿ ಕಚೇರಿಯಲ್ಲಿ ಕೂತಿದ್ದೇನೆ. ಇಲ್ಲಿ ಏನು ಊದಿದರೂ ಯಾರೂ ಕೇಳುವುದಿಲ್ಲ. ಮೊನ್ನೆ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕಾಲೇಜು ಹುಡುಗರು, ಬ್ಯಾಂಡ್ ಕಟ್ಟಿದರೆ ಇಮೇಜ್ ಬೇಕೋ ಬೇಡವೋ ಎಂದು ಕಪ್ಪಿನ ಚಹಾ ಆರುವವರೆಗೂ ವಾದ ಮಾಡಿದರು. ಪಕ್ಕದಲ್ಲೇ ಕೂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಂಡು ನನ್ನ ದೊಡ್ಡಪ್ಪನದು. ಕುಕನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು, ಗೋಡೆಗೆ ತೂಗು ಹಾಕಿದ ವಾದ್ಯಗಳು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ದೊಡ್ಡಪ್ಪ. ದೊಡ್ಡಮ್ಮ ಬೇಗ ತೀರಿಕೊಂಡಿದ್ದಳು. ಮನೆಯಲ್ಲಿ ಅವನೂ ಒಬ್ಬಳೇ ಮಗಳೂ. ಪ್ರಾಯದಲ್ಲಿ ನಾಟಕ ಕಂಪನಿಯೊಂದರ ಬೆನ್ನು ಹತ್ತಿ ಊರೂರು ಅಲೆದಿದ್ದ ದೊಡ್ಡಪ್ಪ ಅಲ್ಲಿನ ಹಾರ್ಮೋನಿಯಂ ಮಾಸ್ತರರಿಂದ ಪೀಲು ರಾಗದ ಒಂದು ನಿಧಾನದ ಧಾಟಿ ಕಲಿತು ಬಂದಿದ್ದ. ಕಂಪನಿ ಮುಳುಗಿತು, ಧಾಟಿ ಉಳಿಯಿತು. ಲಗ್ನ ಮುಗಿದು ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸುವ ಹೊತ್ತಿಗೆ ಅದನ್ನು ನಾವು ನುಡಿಸುತ್ತಿದ್ದೆವು. ಬೇರೆ ಬ್ಯಾಂಡಿನವರು ಅಷ್ಟರಲ್ಲಿ ಉಂಡು ಬಸ್ಸು ಹಿಡಿದಿರುತ್ತಿದ್ದರು. ದೊಡ್ಡಪ್ಪನಿಗೆ ಮಾತ್ರ ಇಡೀ ಲಗ್ನವೇ ಆ ಧಾಟಿಗೆ ಪೀಠಿಕೆ.

ಅವನದೊಂದು ಕಾಯಿದೆ ಇತ್ತು.

"ಹೆಣ್ಣಿನ ಕಡ್ಯಾವ್ರು ಹೆಂಗಿದ್ರೂ ಅಳ್ತಾರ. ನೀನು ಎಣ್ಣಿ ಡಬ್ಬಿ ಬಡದ್ರೂ ಅಳ್ತಾರ. ಅದ್ರಾಗ ನಿಂದೇನೈತಿ? ಬೀಗರು ಅತ್ರ ಮಾತ್ರ ಲೆಕ್ಕ."

ಯೋಚಿಸಿದರೆ ಮಾತು ಸರಿಯೇ. ಗಂಡಿನ ಕಡೆಯವರಿಗೆ ಅಳಲು ಕಾರಣವೇ ಇಲ್ಲ. ಸೊಸೆ ಸಿಕ್ಕಿದ್ದಾಳೆ, ಹೊಟ್ಟೆ ತುಂಬಿದೆ, ಮಂಚ, ಕಪಾಟು ಟ್ರ್ಯಾಕ್ಟರ್ ಏರಿವೆ. ಅಂಥವರ ಕಣ್ಣಲ್ಲಿ ನೀರು ತರಿಸಿದರೆ ಅದು ವಾದ್ಯದ ಕೆಲಸ. ಹಲ್ಲು ಸಡಿಲವಾದ ಮೇಲೆ ದೊಡ್ಡಪ್ಪ ಕ್ಲಾರಿಯೋನೆಟ್ಟನ್ನು ನನಗೆ ಕೊಟ್ಟ. ನಾನು ಧಾಟಿ ಊದುವಾಗ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಹಾಗಾಗಿ ಲಗ್ನ ಮುಗಿಸಿ ಬಸ್ಸಿನಲ್ಲಿ ಬರುವಾಗ ಪ್ರಶ್ನೆ ತಪ್ಪಲಿಲ್ಲ. "ಬೀಗರಾಗ ಯಾರರ ಅತ್ರೇನು?" ಒಬ್ಬ ಮುದುಕಿ ಮೂಗು ಒರೆಸಿಕೊಂಡಳು ಎಂದು ನಾನು ಹೇಳಿದರೆ, "ನೆಗಡಿ ಇರಬೇಕು" ಎಂದು ತಾನೇ ತೆಗೆದುಹಾಕುತ್ತಿದ್ದ. ಮಾರ್ಕು ಕೊಡುವುದರಲ್ಲಿ ಅಷ್ಟು ಕೈ ಬಿಗಿ. ಆಮೇಲೆ ಕಿಟಕಿಯ ಹೊರಗಿನ ಎರೆ ಹೊಲ ನೋಡುತ್ತಾ ಒಂದು ಮಾತು ಸೇರಿಸುತ್ತಿದ್ದ. "ಇರಲಿ. ನನ್ನ ಮಗಳನ್ನ ಒಪ್ಪಿಸೋ ದಿನ ಬೀಗರ ಕಣ್ಣಾಗ ನೀರು ಬರಬೇಕು ನೋಡು. ಅಷ್ಟಾದ್ರ ಸಾಕು."

ಕೊಪ್ಪಳ ಬೇರೆ ಜಿಲ್ಲೆಯಾದದ್ದು ತೊಂಬತ್ತೇಳರಲ್ಲಿ. ಅದೇ ವರ್ಷ ದೊಡ್ಡಪ್ಪ ದೊಡ್ಡ ಡ್ರಮ್ಮಿನ ಮೇಲೆ "ಜಿಲ್ಲಾ ಪ್ರಸಿದ್ಧ ಬ್ಯಾಂಡ್ ಕಂಪನಿ" ಎಂದು ಬರೆಸಲು ಹೋದ. ಪೇಂಟರ್ ಕುಂಚ ಎತ್ತಿ ಹಿಡಿದುಕೊಂಡೇ ಕೇಳಿದ: "ಜಿಲ್ಲಾನ ಇನ್ನೂ ಕಣ್ಣು ಬಿಟ್ಟಿಲ್ಲ, ನೀವ್ಯಾವಾಗ ಪ್ರಸಿದ್ಧ ಆದ್ರಿ ಮಾಸ್ತರ?"

"ನೀ ಬರೀ. ಆಮ್ಯಾಲೆ ಆಗ್ತೀವಿ."

ಆಗಲಿಲ್ಲ. ಪ್ರಸಿದ್ಧಿಯೆಲ್ಲ ಗಂಗಾವತಿ ಕಡೆಗೆ ಹರಿಯಿತು, ಕಾಲುವೆಯ ನೀರಿನ ಹಾಗೆಯೇ. ಅಲ್ಲಿ ಭತ್ತ, ಭತ್ತದ ಹಿಂದೆ ರೊಕ್ಕ, ರೊಕ್ಕದ ಹಿಂದೆ ಹೊಸ ಮಾದರಿಯ ಬ್ಯಾಂಡು. ಶ್ರೀರಾಮನಗರದ ಒಂದು ಲಗ್ನದಲ್ಲಿ ಅವರನ್ನು ನಾನು ಮೊದಲು ನೋಡಿದೆ. ತಳ್ಳುಗಾಡಿಯ ಮೇಲೆ ಬಣ್ಣದ ದೀಪ, ಹಿಂದೆ ಗುಡುಗುಡು ಅನ್ನುವ ಜನರೇಟರ್, ಬಿಳಿ ಹೊಗೆ ಉಗುಳುವ ಒಂದು ಮಶೀನು. ಎಲ್ಲರ ಮುಂದೆ ಕಪ್ಪು ಕನ್ನಡಕದವನೊಬ್ಬ ಕೋಲು ತಿರುಗಿಸುತ್ತಾ ಹಿಮ್ಮುಖವಾಗಿ ನಡೆಯುತ್ತಿದ್ದ. ಅವನಿಗೆ ಒಂದು ಪೀಪಿ ಊದಲೂ ಬರುತ್ತಿರಲಿಲ್ಲವಂತೆ. ಜನರ ಕಣ್ಣೆಲ್ಲ ಅವನ ಮೇಲೇ. ನುಡಿಸಿದ್ದೇನು ಎಂದು ನನಗೆ ಈಗ ನೆನಪಿಲ್ಲ, ಆಗಲೂ ನಾನು ಕೇಳಿಸಿಕೊಂಡಿರಲಿಲ್ಲ. ನಾನೂ ಆ ಕನ್ನಡಕವನ್ನೇ ನೋಡುತ್ತಿದ್ದೆ.

ಆ ಬ್ಯಾಂಡು ಕುಷ್ಟಗಿ, ಯಲಬುರ್ಗಾ ಕಡೆಗೂ ಬರತೊಡಗಿತು. ನಮ್ಮ ಕಾಯಂ ಗಿರಾಕಿಯೊಬ್ಬರು ಶೆಡ್ಡಿಗೆ ಬಂದು ಸಂಕೋಚದಿಂದಲೇ ಹೇಳಿದರು: "ಮಾಸ್ತರ, ನಿಮ್ಮ ಊದೋದು ಛಲೋ ಐತ್ರಿ, ಅದ್ರಾಗ ಮಾತಿಲ್ಲ. ಆದ್ರ ಈಗ ವಿಡಿಯೋ ಮಾಡಸ್ತೀವ್ರಿ. ವಿಡಿಯೋದಾಗ ಏನರ ಕಾಣಬೇಕಲ್ರಿ?"

ಎರಡು ದಿನ ಬಿಟ್ಟು ದೊಡ್ಡಪ್ಪ ಕೊಪ್ಪಳಕ್ಕೆ ಹೋಗಿ ಕೆಂಪು ಕೋಟು ಹೊಲಿಸಿಕೊಂಡು ಬಂದ. ಬ್ಯಾಂಡೆಂದರೆ ಎಲ್ಲರೂ ಒಂದೇ ತರಹ ಕಾಣಬೇಕು ಎಂದು ಯಾರೋ ಹೇಳಿದ್ದರಂತೆ. ಅದನ್ನು ಅವನು ಎಷ್ಟು ನಿಷ್ಠೆಯಿಂದ ನಂಬಿದನೆಂದರೆ, ಎಲ್ಲ ಕೋಟುಗಳನ್ನೂ ತನ್ನ ಅಳತೆಗೇ ಹೊಲಿಸಿದ್ದ. ಡ್ರಮ್ ಬಾರಿಸುತ್ತಿದ್ದವನು ದೊಡ್ಡಮ್ಮನ ತಮ್ಮ, ನನಗೆ ಮಾವ; ಅವನ ಹೊಟ್ಟೆಗೆ ಆ ಕೋಟು ಬಾಗಿಲೇ ಇಲ್ಲದ ಮನೆಯಾಯಿತು. ಡ್ರಮ್ಮು ಅಡ್ಡ ಇದ್ದದ್ದರಿಂದ ಮಾನ ಉಳಿಯಿತು. ನನ್ನ ಕೋಟಿನ ತೋಳೊಳಗೆ ಬೆರಳೇ ಮುಚ್ಚಿ ಹೋಗುತ್ತಿದ್ದವು, ತೂತು ಹುಡುಕಿ ಊದಬೇಕಾಯಿತು. ತಂಗಿ, ಅಂದರೆ ದೊಡ್ಡಪ್ಪನ ಮಗಳು, ಟೋಪಿಗೆ ಗರಿ ಹೊಲಿಯುತ್ತಾ ನಮ್ಮನ್ನು ನೋಡಿ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಇವ್ರನ್ನ ನೋಡಿ ಬೀಗರು ಖರೇನ ಅಳ್ತಾರ ಬಿಡು."

ಕೋಟಿನಿಂದ ಒಂದಿಷ್ಟು ಲಗ್ನಗಳು ತಿರುಗಿ ಬಂದವು. ಬಂದವರು ಮುಂದಿನ ಪ್ರಶ್ನೆ ಕೇಳಿದರು: ಗಂಗಾವತಿಯವರ ಹಾಗೆ ಹೊಗೆ ಇದೆಯೇ? ಮಶೀನು ತರುವ ಶಕ್ತಿ ನಮಗೆಲ್ಲಿಂದ? ಡ್ರಮ್ಮಿನ ಮಾವ ಅದಕ್ಕೊಂದು ಹಳ್ಳಿ ಉಪಾಯ ಹುಡುಕಿದ. ಒಂದು ಕಬ್ಬಿಣದ ಬುಟ್ಟಿ, ಅದರಲ್ಲಿ ಅಡಿಗೆಯವರ ಒಲೆಯಿಂದ ತಂದ ಕೆಂಡ, ಮೇಲೊಂದು ಹಿಡಿ ಲೋಬಾನ. ದೊಡ್ಡಪ್ಪ ಒಪ್ಪಿದ. ಲೋಬಾನ ದೇವರಿಗೂ ಹಾಕುವ ಹೊಗೆ, ಹೆಣ್ಣು ಒಪ್ಪಿಸುವ ಹೊತ್ತಿಗೆ ಚೆಂದವೇ ಕಾಣುತ್ತದೆ ಅಂದ. ಲೋಬಾನದ ಹೊಗೆ ತೆಳುವಾಯಿತೆಂದು ಮಾವ ಮೇಲೆ ನಾಲ್ಕು ಟೊಂಗೆ ಹಸಿ ಬೇವಿನ ಸೊಪ್ಪನ್ನೂ ಹಾಕುತ್ತಾನೆಂದು ದೊಡ್ಡಪ್ಪನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆವು. ದನದ ಕೊಟ್ಟಿಗೆಯಿಂದ ಸೊಳ್ಳೆ ಓಡಿಸಲು ಹಾಕುತ್ತಾರಲ್ಲ, ಅದೇ ಹೊಗೆ.

ಮೊದಲ ಪ್ರಯೋಗ ಕುಷ್ಟಗಿಯಲ್ಲಿ. ನಾನು ಧಾಟಿ ಎತ್ತಿದೆ, ಮಾವ ಬೀಗರು ನಿಂತ ಕಡೆಗೆ ಗಾಳಿ ನೋಡಿ ಬುಟ್ಟಿ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಗಂಡಿನ ಸೋದರತ್ತೆಯರು ಕಣ್ಣೊರೆಸಿಕೊಂಡರು. ಗಂಡಿನ ಅಜ್ಜ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ. ಮದುಮಗನೇ ಬಿಕ್ಕಿದ. ವಿಡಿಯೋದವನು ಅಳುವವರನ್ನು ಹಿಡಿಯಲು ಹೋಗಿ ತಾನೂ ಅತ್ತ. ಬಸ್ಸಿನಲ್ಲಿ ದೊಡ್ಡಪ್ಪ ಪ್ರಶ್ನೆ ಕೇಳಿದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಎಲ್ಲಾರೂ ಅತ್ರು ದೊಡ್ಡಪ್ಪಾ. ಆದ್ರ ಅದು ಹೊಗಿಗೆ."

"ಹುಚ್ಚಪ್ಪ. ಹೊಗಿಗೆ ಅಳೋದಾದ್ರ ಹೆಣಮಕ್ಕಳು ಒಲಿ ಮುಂದ ದಿನಾ ಅಳ್ತಾರ. ಇದು ಬ್ಯಾರೆ."

ನೆಗಡಿಗೆ ಮಾರ್ಕು ಕೊಡದಿದ್ದ ಮನುಷ್ಯ ಹೊಗೆಗೆ ಧಾರಾಳವಾಗಿ ಕೊಟ್ಟ. ಅಷ್ಟು ವರ್ಷ ಕಾದವನಿಗೆ ಲೆಕ್ಕ ಬಿಗಿ ಹಿಡಿಯುವ ತ್ರಾಣ ಉಳಿದಿರಲಿಲ್ಲವೇನೋ. ಅವನ ಮುಖ ಅಷ್ಟು ಹಗುರವಾದದ್ದನ್ನು ನಾನು ದೊಡ್ಡಮ್ಮ ಹೋದ ಮೇಲೆ ನೋಡಿರಲೇ ಇಲ್ಲ. ಮತ್ತೊಂದು ಸಲ ಹೇಳಲು ನನಗೆ ಮನಸ್ಸಾಗಲಿಲ್ಲ.

ಅಲ್ಲಿಂದ ನಮ್ಮ ದಿನ ತಿರುಗಿದವು. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಕೊನೆಗೆ ಗಂಗಾವತಿಯ ಪೇಟೆಯಿಂದಲೂ ಕರೆ ಬಂತು. ದೊಡ್ಡಪ್ಪ ಶೆಡ್ಡಿನ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ರಾಗದ ಮಹಿಮೆ ಹೇಳುತ್ತಿದ್ದ. ಬಂದವರು ತಲೆಯಾಡಿಸಿ, ಹೋಗುವಾಗ ಮಾವನನ್ನು ಪಕ್ಕಕ್ಕೆ ಕರೆದು, "ಅದು ಇರತೈತಲ್ರಿ?" ಎಂದು ಕೇಳಿ ಹೋಗುತ್ತಿದ್ದರು. ಯಾವುದು ಎಂದು ಅವರೂ ಹೇಳುತ್ತಿರಲಿಲ್ಲ, ಮಾವನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ತಂಗಿಯ ಲಗ್ನ ಗೊತ್ತಾಯಿತು. ಗಂಡು ಯಲಬುರ್ಗಾದವನು, ತಾಲ್ಲೂಕು ಕಚೇರಿಯಲ್ಲಿ ನೌಕರಿ, ಒಳ್ಳೆಯ ಹುಡುಗ. ಅವನ ತಾಯಿಯದೇ ಚಿಂತೆ. ನಿಶ್ಚಯದ ದಿನ ಆಕೆ ಒಮ್ಮೆಯೂ ನಗಲಿಲ್ಲ. ಹೋಳಿಗೆ ಬಡಿಸಿದರೆ ಬೇಡ, ತುಪ್ಪ ಬಡಿಸಿದರೆ ಸಾಕು, ಹುಡುಗಿ ಕಾಲಿಗೆ ಬಿದ್ದರೆ "ಹೂಂ". ಅವರು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಅಂಗಳಕ್ಕೆ ಕರೆದ.

"ಬೀಗತಿ ಮುಖ ನೋಡಿದ್ರ ಎದಿ ಧಸಕ್ ಅಂತೈತಿ ತಮ್ಮಾ. ತಾಯಿ ಇಲ್ಲದ ಕೂಸು ನಮ್ದು. ಹೆಂಗ ಬಾಳೇ ಮಾಡ್ತಾಳೋ."

ಲಗ್ನದ ದಿನ ಅವನು ಒಂದು ಅಪ್ಪಣೆ ಮಾಡಿದ. ಕೋಟು ಬೇಡ, ಗರಿ ಬೇಡ, ಹೊಗೆಯಂತೂ ಬೇಡವೇ ಬೇಡ. "ಇವತ್ತು ಬರೇ ವಾದ್ಯ. ಆಕಿ ಅಳಬೇಕು. ವಾದ್ಯಕ್ಕ ಅಳಬೇಕು." ಆಗ ನನಗೆ ತಿಳಿಯಿತು, ಹೊಗೆಯ ವಿಷಯ ಅವನಿಗೂ ಮೊದಲಿಂದ ಗೊತ್ತಿತ್ತು.

ಸಂಜೆ ಹೆಣ್ಣು ಒಪ್ಪಿಸುವ ಹೊತ್ತು. ನಾನು ಕ್ಲಾರಿಯೋನೆಟ್ ತುಟಿಗೆ ಹಚ್ಚುವಷ್ಟರಲ್ಲಿ ಗಂಡಿನ ಕಾಕಾ ಮುಂದೆ ಬಂದರು. "ಹೊಗಿ ಎಲ್ಲೈತ್ರಿ ಮಾಸ್ತರ?"

ದೊಡ್ಡಪ್ಪ ಕೈ ಮುಗಿದ. "ಇವತ್ತು ಇಲ್ರಿ ಬೀಗರ."

"ಯಾಕ್ರಿ? ಮಂದಿ ಲಗ್ನಕ್ಕೆಲ್ಲಾ ಹಾಕೀರಿ, ನಮಗ್ಯಾಕ ಇಲ್ರಿ? ನಾವೇನು ಕಡಿಮಿ ಬೀಗರೇನ್ರಿ? ಹೊಗಿ ಬ್ಯಾಂಡಿನವ್ರ ಮನೀ ಬೀಗತನ ಅಂತ ಊರೆಲ್ಲಾ ಹೇಳಿ ಬಂದೀವಿ. ನಮ್ಮ ಹೆಣಮಕ್ಕಳು ಕರ್ಚೀಫ್ ತೊಗೊಂಡು ತಯಾರಾಗಿ ನಿಂತಾರ, ನೋಡ್ರಿ."

ನೋಡಿದೆವು. ನಿಜವಾಗಿಯೂ ಮಡಿಚಿದ ಕರ್ಚೀಫು ಹಿಡಿದು ಸಾಲಾಗಿ ನಿಂತಿದ್ದರು. ಜಿಲ್ಲಾ ಪ್ರಸಿದ್ಧ ಎಂದು ಬರೆಸಿದ್ದು ಸುಳ್ಳಾಗಿರಲಿಲ್ಲ. ಪ್ರಸಿದ್ಧವಾದದ್ದು ಏನು ಎಂಬುದಷ್ಟೇ ನಮಗೆ ಆ ದಿನ ತಿಳಿಯಿತು. ದೊಡ್ಡಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬೇರೆ ದಿನವಾಗಿದ್ದರೆ ಆ ಕಾಕಾನಿಗೆ ನಾಲ್ಕು ಮಾತು ಕೇಳಿಸುತ್ತಿದ್ದ. ಅಂದು ಅವನು ಹೆಣ್ಣಿನ ತಂದೆ. ಬೀಗರು ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ.

ಮಾವ ಕಪಾಟು ಏರಿಸಲು ಟ್ರ್ಯಾಕ್ಟರಿನ ಬಳಿ ಹೋಗಿದ್ದ. ದೊಡ್ಡಪ್ಪನೇ ಬುಟ್ಟಿ ತಂದ, ಒಲೆಯ ಕೆಂಡ ಹಾಕಿದ. ಮುಂಚೆ ಎಂದೂ ಅದನ್ನು ಮುಟ್ಟಿದವನಲ್ಲ. ಸಿಟ್ಟಿಗೋ ಗಾಬರಿಗೋ, ಬೇವಿನ ಸೊಪ್ಪನ್ನು ಎರಡು ತೆಕ್ಕೆ ತಂದು ಕೆಂಡ ಕಾಣದ ಹಾಗೆ ಸುರಿದು, ಎಲ್ಲರಿಗೆ ಬೆನ್ನು ಮಾಡಿ ಕೂತು ಊದತೊಡಗಿದ. ನಾನು ಧಾಟಿ ಎತ್ತಿದೆ.

ಒಂದೆಳೆ ಹೊಗೆ ಎದ್ದು ನಿಂತುಹೋಯಿತು. ಅಷ್ಟು ಹಸಿ ಸೊಪ್ಪಿನ ಕೆಳಗೆ ಕೆಂಡ ಸತ್ತಿತ್ತು. ದೊಡ್ಡಪ್ಪ ಊದುತ್ತಲೇ ಇದ್ದ, ಮುಂದೇನಿದೆಯೆಂದು ಕಾಣುವ ಸ್ಥಿತಿಯಲ್ಲಿ ಅವನ ಕಣ್ಣಿರಲಿಲ್ಲ. ಸಾಲಾಗಿ ನಿಂತ ಹೆಣ್ಣುಮಕ್ಕಳು ಕರ್ಚೀಫು ಕಣ್ಣಿಗೊತ್ತಿ ಹೊಗೆಗಾಗಿ ಕಾಯುತ್ತಿದ್ದರು. ಬೀಗತಿಯ ಕೈಯಲ್ಲಿ ಕರ್ಚೀಫು ಇರಲಿಲ್ಲ. ಆಕೆ ನೆಟ್ಟಗೆ ನಿಂತಿದ್ದಳು, ತಂಗಿಯ ಕೈ ಹಿಡಿದುಕೊಂಡು. ನಾನು ಧಾಟಿಯ ಇಳಿಯುವ ಭಾಗಕ್ಕೆ ಬಂದೆ. ಆಕೆಯ ಎರಡೂ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ನೋಡುತ್ತಿದ್ದೇನೆಂದು ತಿಳಿದು ಬೈದಳು: "ಏನ್ ಹೊಗಿರೀ ಇದು ನಿಮ್ದು, ಕಣ್ಣ ತೆರೀಲಿಕ್ಕ ಬಿಡವಲ್ದು." ಬೈದು, ಸೆರಗಿನಿಂದ ಮೊದಲು ತಂಗಿಯ ಮುಖ ಒರೆಸಿದಳು, ಆಮೇಲೆ ತನ್ನದು.

ಟ್ರ್ಯಾಕ್ಟರು ಹೋಯಿತು. ದೊಡ್ಡಪ್ಪ ಬುಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ. ಆ ದಿನ ಅವನು ಪ್ರಶ್ನೆ ಕೇಳಲಿಲ್ಲ. ನಾನೇ ಹೇಳಿದೆ.

"ದೊಡ್ಡಪ್ಪಾ, ಬೀಗತಿ ಅತ್ಲು."

"ಹೊಗಿಗೆ."

ನಾನು ಅವನ ಕೈ ಹಿಡಿದು ಬುಟ್ಟಿಯೊಳಗೆ ಇಟ್ಟೆ. ಸೊಪ್ಪು ಹಸಿರಾಗಿಯೇ ಇತ್ತು. ಅವನು ಅದನ್ನು ಸರಿಸಿ, ಕೆಳಗಿನ ಇದ್ದಿಲನ್ನು ಬೆರಳಿನಿಂದ ಒತ್ತಿ ನೋಡಿದ. ತಣ್ಣಗಾಗಿತ್ತು.

"ಆಕೀನ? ಖರೇನ?"

"ಖರೇನ."

ನಾನು ಕ್ಲಾರಿಯೋನೆಟ್ ಹಿಡಿದುಕೊಂಡು ನಿಂತೆ. ಇಷ್ಟು ವರ್ಷದ ಮೇಲೆ ಧಾಟಿ ಗೆದ್ದಿತ್ತು. ಅದನ್ನು ಊದಿದವನಿಗೂ ಒಂದು ಮಾತು ಸಿಗಬಹುದೆಂದು ಕಾದೆ. ದೊಡ್ಡಪ್ಪ ಧಾಟಿಯ ಮಾತನ್ನೇ ಎತ್ತಲಿಲ್ಲ. ಮಸಿಯಾದ ಕೈಯಲ್ಲೇ ಮುಖ ಒರೆಸಿಕೊಂಡು, ಯಲಬುರ್ಗಾ ರಸ್ತೆಯ ಕಡೆ ನೋಡಿದ.

"ಹಂಗಾರ ನಮ್ಮ ಹುಡಿಗೀನ್ನ ಛಲೋ ನೋಡ್ಕೋತಾಳ ಬಿಡು."