ಸೆಂಗಾಳ ಬಾಯಿಗೆ ಬಿದ್ದ ಬೀಗ

ನಮ್ಮ ಕಟ್ಟಡದ ಎರಡನೇ ಮಹಡಿಯ ಸೆಂಗಾ ಮೆಕ್‌ಗ್ಲಾಶನ್ ಅನುಮಾನವನ್ನೇ ಉಂಡು ಅನುಮಾನವನ್ನೇ ಹೊದ್ದು ಮಲಗುವ ಹೆಂಗಸು. ಗ್ಲಾಸ್ಗೋದಲ್ಲಿ ಅಪ್ಪಿತಪ್ಪಿ ಬಿಸಿಲು ಬಂದರೆ ನಾವೆಲ್ಲ ಅಂಗಿ ಕಳಚಿ ಹುಲ್ಲಿನ ಮೇಲೆ ಬಿದ್ದುಕೊಳ್ಳುತ್ತೇವೆ. ಅವಳು ಕೊಡೆ ಹಿಡಿದು ಬಂದು, ‘ಇದರ ಹಿಂದೆ ಏನೋ ಇದೆ’ ಎನ್ನುತ್ತಾಳೆ. ಶಾಲೆಯ ಅಡುಗೆಮನೆಯಲ್ಲಿ ಬಡಿಸುತ್ತಲೇ ಮುದುಕಿಯಾದವಳು. ಅವಳ ಕಣ್ಣು ತಪ್ಪಿಸಿ ಎರಡನೇ ಸಲ ಕಸ್ಟರ್ಡ್ ಹಾಕಿಸಿಕೊಂಡ ಹುಡುಗ ಯಾರಾದರೂ ಇದ್ದಿದ್ದರೆ ಅವನು ಇವತ್ತು ಮಂತ್ರಿಯಾಗಿರುತ್ತಿದ್ದ. ಗಂಡ ತೀರಿಕೊಂಡನೆಂದು ವೈದ್ಯರು ಹೇಳಿದ ಮೇಲೂ ಸ್ವಲ್ಪ ಹೊತ್ತು ಕಾದು ನೋಡಿದಳಂತೆ. ಆತ ಪಾತ್ರೆ ತೊಳೆಯುವುದನ್ನು ತಪ್ಪಿಸಿಕೊಳ್ಳಲು ಏನು ಬೇಕಾದರೂ ಮಾಡುವ ಆಸಾಮಿ.

ಅವಳು ಅನುಮಾನಪಡದ ಒಂದೇ ಜೀವ ಮಗಳ ಮಗಳು ಎಫಿ. ಗಂಡನನ್ನು ಬಿಟ್ಟಿರುವ ಮಗಳು ಶೋನಾ ಪ್ರತಿ ಶನಿವಾರ ಮಗುವನ್ನು ಅಜ್ಜಿಯ ಹತ್ತಿರ ಬಿಡುತ್ತಾಳೆ. ಆ ಶನಿವಾರಕ್ಕಾಗಿಯೇ ಸೆಂಗಾ ಮಿಕ್ಕ ವಾರವನ್ನು ಸಹಿಸುವುದು. ಆದರೆ ಅಜ್ಜಿಯ ವಿದ್ಯೆ ಮಗುವಿಗೂ ಹತ್ತಿತು. ಹಲ್ಲು ಬಿದ್ದಾಗ ದಿಂಬಿನ ಕೆಳಗೆ ಕಾಸಿಟ್ಟು ಹಲ್ಲು ಒಯ್ಯುವ ಕಿನ್ನರಿಗೆ ಎಫಿ, ‘ಇಷ್ಟೊಂದು ಹಲ್ಲು ತಗೊಂಡು ಏನ್ ಮಾಡ್ತೀಯ?’ ಎಂದು ಚೀಟಿ ಬರೆದಿಟ್ಟಿತು. ಓದಿದ ಶೋನಾ ಉರಿದುಬಿದ್ದಳು.

ಅಷ್ಟರಲ್ಲಿ ಅವಳ ಫೋನಿಗೆ ಜಾಹೀರಾತು ಬಂತು: ಒಂಟಿಕೊಂಬಿನ ಕುದುರೆಗಳ ಅರಮನೆ, ಇಡೀ ಕುಟುಂಬಕ್ಕೆ. ಹರಳಿನ ಗೋಪುರ, ಗುಲಾಬಿ ಜಲಪಾತ, ಅದರಲ್ಲಿ ನೀರು ಕುಡಿಯುವ ಬಿಳಿ ಕುದುರೆ.

‘ಈ ಕುದುರೆಗೆ ಐದು ಕಾಲು,’ ಎಂದಳು ಸೆಂಗಾ.

‘ಅದು ಬಾಲ ಕಣಮ್ಮ.’

‘ಬಾಲಕ್ಕೆ ಯಾರೇ ಲಾಳ ಹೊಡೀತಾರೆ? ಇದು ಆ ಕಂಪ್ಯೂಟರ್ ಗೀಚಿದ ಚಿತ್ರ. ಅಲ್ಲಿ ಕುದುರೇನೂ ಇಲ್ಲ, ಲದ್ದೀನೂ ಇಲ್ಲ.’

‘ನೋಡಮ್ಮ, ಇದು ಎಫಿ ಹುಟ್ಟುಹಬ್ಬ. ಅಲ್ಲಿ ಒಂದೇ ಒಂದು ಅನುಮಾನದ ಮಾತು ನಿನ್ನ ಬಾಯಿಂದ ಬಂತೋ, ಶನಿವಾರ ಮಗೂನ ಇನ್ನೊಂದು ಅಜ್ಜಿ ಮನೇಲಿ ಬಿಡ್ತೀನಿ.’

ಆ ಇನ್ನೊಂದು ಅಜ್ಜಿ ನಮ್ಮೂರಿನ ಹಳೇ ವೈರಿಯಾದ ಎಡಿನ್‌ಬರೋ ಊರಿನವಳು. ಗ್ಲಾಸ್ಗೋದಲ್ಲಿ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಸೆಂಗಾ ಬಾಯಿಗೆ ಬೀಗ ಹಾಕಿಕೊಂಡಳು.

ಶೋನಾ ಫೋನಿನಲ್ಲೇ ಟಿಕೆಟ್ ಕೊಂಡಳು. ನನ್ನ ಕಾರಿನಲ್ಲೇ ಹೊರಟೆವು. ಕ್ಲೈಡ್ ನದಿಯ ದಡದಲ್ಲೊಂದು ಹಳೆ ಗೋದಾಮು, ಅದರ ಮುಂದೆ ಉದ್ದ ಸಾಲು. ಸಾಲು ಕಂಡರೆ ಮೊದಲು ನಿಲ್ಲುವುದು, ಯಾಕೆಂದು ಆಮೇಲೆ ಯೋಚಿಸುವುದು ಈ ದೇಶದ ಪದ್ಧತಿ. ಸ್ವರ್ಗದ ಬಾಗಿಲಲ್ಲಿ ಸಾಲಿಲ್ಲದಿದ್ದರೆ ನಮ್ಮವರು ವಿಳಾಸ ತಪ್ಪಿತೆಂದು ವಾಪಸ್ ಬಂದಾರು. ನಿಂತೆವು. ಸುತ್ತ ಮಕ್ಕಳೆಲ್ಲ ಅಳುತ್ತಿದ್ದವು. ಸೆಂಗಾ ಅದನ್ನು ನೋಡಿದಳು, ಶೋನಾಳನ್ನು ನೋಡಿದಳು, ಬಾಯಿಗೆ ಬಂದ ಮಾತು ನುಂಗಿದಳು.

ಬಹಳ ಹೊತ್ತಿನ ಮೇಲೆ ಮುಂದಿದ್ದ ದಡೂತಿ ಮನುಷ್ಯ ತಿರುಗಿ, ‘ಒಳಗೆ ಹೇಗಿತ್ತು ನಿಮಗೆ?’ ಎಂದ.

‘ಇನ್ನೂ ಹೋಗಿಲ್ಲ. ಈ ಸಾಲು ಒಳಗೆ ಹೋಗೋಕೆ ತಾನೆ?’ ಎಂದಳು ಶೋನಾ.

‘ಅಯ್ಯೋ ತಾಯಿ, ಒಳಗೆ ಹೋಗೋಕೆ ಸಾಲೇ ಇಲ್ಲ. ಇದು ದುಡ್ಡು ವಾಪಸ್ ಕೇಳೋರ ಸಾಲು. ಹೋಗಿ ನೋಡ್ಕೊಂಡು ಬನ್ನಿ, ನಿಮ್ಮ ಜಾಗ ನಾನು ಕಾಯ್ತೀನಿ.’

ಒಳಗೆ ಬರೀ ಸಿಮೆಂಟು ನೆಲ. ಅರ್ಧ ಗಾಳಿ ಹೋದ ರಬ್ಬರ್ ಅರಮನೆ ಕುಡುಕನಂತೆ ಗೋಡೆಗೆ ಒರಗಿತ್ತು. ಜಲಪಾತವೆಂದರೆ ಏಣಿಗೆ ಹೊದಿಸಿದ ಗುಲಾಬಿ ಬಟ್ಟೆ. ಹಣೆಗೆ ರಟ್ಟಿನ ಸುರುಳಿ ಕಟ್ಟಿಸಿಕೊಂಡ ತಟ್ಟು ಕುದುರೆಯೊಂದು, ಚಹಾ ಕುಡಿಯುತ್ತಿದ್ದ ಕಿನ್ನರಿಯ ಪ್ಲಾಸ್ಟಿಕ್ ರೆಕ್ಕೆ ಮೆಲ್ಲುತ್ತಿತ್ತು.

‘ನನ್ನ ಬೈಬೇಡಿ,’ ಎಂದಳು ಕಿನ್ನರಿ. ‘ನಾನು ಇವತ್ತು ಬೆಳಗ್ಗೆ ಕೆಲಸಕ್ಕೆ ಸೇರಿದ್ದು.’

‘ಅಜ್ಜಿ, ಇದು ನಿಜವಾದ ಅರಮನೇನಾ?’ ಎಂದು ಎಫಿ ಕೇಳಿತು.

ಸೆಂಗಾ ಹಲ್ಲು ಕಚ್ಚಿ ನಕ್ಕಳು. ‘ತುಂಬಾ ಚೆನ್ನಾಗಿದೆ ಕಂದ.’

ಎಫಿ ಎರಡು ಹೆಜ್ಜೆ ಹಿಂದೆ ಸರಿದು, ‘ಅಮ್ಮಾ, ಅಜ್ಜಿಗೆ ಏನೋ ಆಗಿದೆ’ ಎಂದು ಅಳತೊಡಗಿತು. ಅರಮನೆಗಾಗಿ ಅಳದ ಮಗು ಅಜ್ಜಿಗಾಗಿ ಅತ್ತಿತು.

ಹೊರಗೆ ಬಂದು ಮತ್ತೆ ಸಾಲಿನಲ್ಲಿ ನಿಂತೆವು. ಬಾಗಿಲಲ್ಲೇ ಮೇಜಿನ ಹಿಂದೆ ಕೂತಿದ್ದ ಅರಮನೆಯ ಯಜಮಾನ ನುಣ್ಣಗಿನ ಯುವಕ. ನಮ್ಮ ಸರದಿ ಬಂದಾಗ, ‘ಚಿತ್ರ ಬರೀ ಕಲ್ಪನೆಗೆ ಮೇಡಂ. ನಿಮ್ಮ ತಾಯಿಯವರು ಈಗಷ್ಟೇ ಹೊಗಳಿದ್ರಲ್ಲ, ನಾನೇ ಕಿವಿಯಾರೆ ಕೇಳ್ದೆ’ ಎಂದ.

ಶೋನಾ ತಿರುಗಿದಳು. ‘ಅಮ್ಮ, ನಿನಗೆ ಅನ್ಸಿದ್ದು ಹೇಳು.’

‘ಇದು ಪರೀಕ್ಷೆ,’ ಎಂದಳು ಸೆಂಗಾ. ‘ನಾನು ಬಾಯಿ ಬಿಟ್ರೆ ಮಗೂನ ಎಡಿನ್‌ಬರೋಗೆ ಸಾಗಿಸ್ತೀಯ.’

‘ಇಲ್ಲಮ್ಮ, ನಿನ್ನಾಣೆ.’

‘ನನ್ನಾಣೆ ಯಾಕೆ? ನಿನ್ನಾಣೆ ಇಡು.’

‘ನನ್ನಾಣೆ. ಶನಿವಾರ ನಿಂದೇ.’

‘ನಾವೆಲ್ಲ ಸಾಕ್ಷಿ ಅಜ್ಜಿ, ಬಾಯಿ ಬಿಡಿ ಇನ್ನು,’ ಎಂದ ದಡೂತಿ ಮನುಷ್ಯ.

ಸೆಂಗಾ ಬಾಯಿ ತೆರೆದಳು. ಅವಳು ಆಡಿದ್ದನ್ನು ಅಚ್ಚು ಹಾಕುವಷ್ಟು ದಪ್ಪ ಕಾಗದ ಇನ್ನೂ ತಯಾರಾಗಿಲ್ಲ. ಕ್ಲೈಡ್ ನದಿ ಸ್ವಲ್ಪ ಹೊತ್ತು ಹಿಂದಕ್ಕೆ ಹರಿಯಿತು. ಯುವಕ ನಮಗೆ ಮಾತ್ರವಲ್ಲ, ಆ ದಿನ ಟಿಕೆಟ್ಟೇ ಕೊಳ್ಳದ ಇಬ್ಬರು ದಾರಿಹೋಕರಿಗೂ ದುಡ್ಡು ವಾಪಸ್ ಕೊಟ್ಟ. ಎಫಿ ಕಣ್ಣೊರೆಸಿಕೊಂಡು ಅಜ್ಜಿಯ ಬೆರಳು ಹಿಡಿಯಿತು.

ಕಾರಿನಲ್ಲಿ ಶೋನಾ ಮೆತ್ತಗೆ ಹೇಳಿದಳು: ‘ಅಮ್ಮ, ಇನ್ಮೇಲೆ ಭಾನುವಾರಾನೂ ಎಫಿ ನಿನ್ನ ಹತ್ರಾನೇ ಇರ್ಲಿ.’

ಸೆಂಗಾಳ ಕಣ್ಣು ತುಂಬಿತೆಂದು ನಾನು ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಅದು ಕಿರಿದಾಗುತ್ತಿತ್ತು.

‘ಭಾನುವಾರ ನಿಂಗೇನೇ ಕೆಲಸ? ಯಾರವನು?’

‘ಹೆಸರೇನಮ್ಮ ಅವನದು?’ ಎಂದಿತು ಎಫಿ.

ಶೋನಾ ಕಿಟಕಿಯ ಕಡೆ ತಿರುಗಿ, ನದಿ ತುಂಬಾ ಚೆನ್ನಾಗಿದೆ ಎಂದಳು.