ಬಿಸಿಗೆ ಬಾಗುವ ತಗಡು

ಗಂಡ ಸತ್ತ ಮೇಲೆ ಆಕೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಣ್ಣನ ಮನೆ ಸೇರಿದಳು. ಕೆಳಗೆ ಗ್ಯಾರೇಜು, ಮೇಲೆ ಮನೆ. ಮೋಟಾರು ಕಾರುಗಳು ಹೊಸದಾಗಿ ಬಂದಿದ್ದ ಕಾಲ ಅದು. ಗಾಡಿ ನಿಧಾನವಾದರೆ ದೀಪ ಮಿಣುಕುಹುಳು. ಜೋರಾಗಿ ಓಡಿದರೆ ಡೈನಮೋ ಉಕ್ಕಿ ಬಲ್ಬು ಸುಟ್ಟುಹೋಗುತ್ತಿತ್ತು, ಬ್ಯಾಟರಿ ಕುದಿಯುತ್ತಿತ್ತು. ಇದಕ್ಕೆ ಲಗಾಮು ಹಾಕಲು ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿ ಬಂತು. ವೋಲ್ಟೇಜು ಏರಿದರೆ ಅದರೊಳಗಿನ ತಂತಿಸುರುಳಿ ಒಂದು ಕಬ್ಬಿಣದ ಪಟ್ಟಿಯನ್ನು ಎಳೆದು ಡೈನಮೋದ ಸೊಕ್ಕಿಳಿಸುತ್ತಿತ್ತು. ಇಳಿದೊಡನೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಆ ಸ್ಪ್ರಿಂಗನ್ನು ಹದವಾಗಿ ಬಿಗಿಯುವುದೇ ಕಷ್ಟ. ಅಣ್ಣನದು ಸುತ್ತಿಗೆ ಹಿಡಿದ ಕೈ, ಮುಟ್ಟಿದ್ದೆಲ್ಲ ಮುರಿಯುತ್ತಿತ್ತು. ತಂಗಿ ಒಮ್ಮೆ ಗ್ಯಾರೇಜಿನ ಕಿಟಕಿಯ ಬಳಿ ಕೂತು ಸರಿಮಾಡಿಕೊಟ್ಟಳು. ಕೂತವಳು ಏಳಲಿಲ್ಲ, ಊರವರ ಬಾಯಲ್ಲಿ ಡಬ್ಬಿಯಕ್ಕ ಆದಳು. ಮಗಳು ಬೆಳೆದು, ಮದುವೆಯಾಗಿ ದೂರದ ಊರು ಸೇರಿದರೂ ಡಬ್ಬಿಯಕ್ಕ ಮಾತ್ರ ಅದೇ ಕಿಟಕಿಯ ಬಳಿ ಕತ್ತು ಬಗ್ಗಿಸಿಕೊಂಡೇ ಇದ್ದಳು.

"ನಮ್ಮಲ್ಲೇ ಬಂದು ಇರಮ್ಮ" ಎಂದು ಮಗಳು ಕರೆಯುತ್ತಿದ್ದಳು. ಅಣ್ಣನ ಉತ್ತರ ಪ್ರತಿಸಲವೂ ಒಂದೇ: "ಹೋಗುವಿಯಂತೆ, ಈ ಬೇಸಿಗೆ ಕಳೀಲಿ. ನಿನ್ನ ಬಿಟ್ರೆ ನಂಗೆ ಯಾರಿದ್ದಾರೆ?" ಅದು ಸುಳ್ಳಾಗಿರಲಿಲ್ಲ. ಕಷ್ಟಕಾಲದಲ್ಲಿ ಅನ್ನ ಹಾಕಿದವನಿಗೆ ಎದುರಾಡಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಬೇಸಿಗೆಯಲ್ಲೇ ಅವಳಿಗೆ ಕೆಲಸ ಜಾಸ್ತಿ. ಬೆಳಗಿನ ತಂಪಿನಲ್ಲಿ ಹದ ಮಾಡಿದ ಡಬ್ಬಿ ಮಧ್ಯಾಹ್ನ ಕಾದೊಡನೆ ಸುರುಳಿಯ ಎಳೆತ ಕುಂದಿ, ವೋಲ್ಟೇಜು ಮತ್ತೆ ಏರುತ್ತಿತ್ತು. ಹೋದ ಕಾರು ತಿರುಗಿ ಬರುತ್ತಿತ್ತು. ಡಬ್ಬಿಗಳು ವಾಪಸು ಬರುವುದು ನಿಂತರೆ ತನಗೂ ಬಿಡುಗಡೆ ಎಂದುಕೊಂಡಳು. ಕಾದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಎರಡರ ತಗಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ರಿವೆಟ್ ಬಡಿದರೆ ಆ ಜೋಡಿ ಬಿಸಿಗೆ ಬಾಗುತ್ತದೆ. ಅದರ ತುದಿಗೆ ಸ್ಪ್ರಿಂಗು ಸಿಕ್ಕಿಸಿದಳು. ಸುರುಳಿ ಸೋತಷ್ಟು ಸ್ಪ್ರಿಂಗೂ ಸಡಿಲವಾಗಬೇಕು, ಆಗ ವೋಲ್ಟೇಜು ಏರದು. ಎಷ್ಟೋ ತಗಡು ಹಾಳಾದ ಮೇಲೆ ಹದ ಸಿಕ್ಕಿತು. ಆ ಬೇಸಿಗೆ ಒಂದು ಡಬ್ಬಿಯೂ ವಾಪಸು ಬರಲಿಲ್ಲ. ಅವಳು ಮಹಡಿಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬಿದಳು.

ಅಣ್ಣ ಮುಖವರಳಿಸಿಕೊಂಡು ಬಂದ. "ಸುತ್ತಮುತ್ತಲ ಊರಿನ ಗಾಡಿಗಳೆಲ್ಲ ನಮ್ಮಲ್ಲಿಗೇ ಬರ್ತಿವೆ. ಈ ತಗಡಿನ ವಿಷಯ ಹೊರಗಿನವರಿಗೆ ಗೊತ್ತಾಗಬಾರದು. ಕೆಲಸದವರು ಬೇಡ, ನೀನೊಬ್ಳೇ ಮಾಡು."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಅವಳು ಊಟ ಬಿಟ್ಟು ಕೂತದ್ದನ್ನು ನೋಡಿ ಅತ್ತಿಗೆ ಹತ್ತಿರ ಬಂದಳು. "ನಂಗೆ ಹೇಳ್ಕೊಡು. ನಾನು ಕೂತ್ಕೋತೀನಿ, ನೀನು ಹೊರಡು."

"ಒಂದ್ಸಲ ಕೂತ್ರೆ ಏಳೋಕಾಗಲ್ಲ ಅತ್ತಿಗೆ."

"ಒಲೆ ಮುಂದಿಂದ ನಾನೇನು ಎದ್ದಿದೀನಾ?"

ಅತ್ತಿಗೆ ಕಲಿತಳು. ಅಣ್ಣ ಗೊಣಗುತ್ತಲೇ ಒಪ್ಪಿದ. ಹೊರಡುವ ದಿನ ಡಬ್ಬಿಯಕ್ಕ ಟ್ರಂಕು ಹಿಡಿದು ಬೀದಿಗಿಳಿದು ತಿರುಗಿ ನೋಡಿದರೆ, ಕಿಟಕಿಯಲ್ಲಿ ಅತ್ತಿಗೆಯ ಬಗ್ಗಿದ ಕತ್ತು. ಕಾಲು ಮುಂದೆ ಹೋಗಲಿಲ್ಲ. ಟ್ರಂಕನ್ನು ಅಲ್ಲೇ ಇಟ್ಟು ಬೀದಿಯಾಚೆ ಅಣ್ಣನಿಗೆ ಪೈಪೋಟಿಯಾಗಿದ್ದ ಗ್ಯಾರೇಜಿಗೆ ನಡೆದಳು.

"ಏನಕ್ಕ, ದಾರಿ ತಪ್ಪಿ ಬಂದ್ರಾ?" ಎಂದು ನಕ್ಕ ಅದರ ಮಾಲೀಕ.

"ತಪ್ಪಿಲ್ಲ. ಒಂದು ತುಂಡು ಹಿತ್ತಾಳೆ ತಗಡು ಕೊಡಿ, ಒಂದು ಕಬ್ಬಿಣದ್ದು."

ಬಾಗಿಲಲ್ಲೇ ಕೂತು, ಎಲ್ಲರಿಗೂ ಕಾಣುವಂತೆ ಮಾಡಿ ತೋರಿಸಿದಳು. ಅಣ್ಣ ಬೀದಿ ದಾಟಿ ಬಂದು ನಿಂತಿದ್ದ.

"ಮನೆ ಮುಳುಗಿಸಿದೆಯಲ್ಲೇ" ಎಂದ, ಮೆಲ್ಲಗೆ.

"ಇನ್ಮೇಲೆ ಯಾರು ಬೇಕಾದ್ರೂ ಮಾಡ್ಬಹುದು ಅಣ್ಣ. ಅತ್ತಿಗೇನ ಕೂರಿಸ್ಬೇಡ."

ಅವನು ತಿರುಗಿ ತನ್ನ ಗ್ಯಾರೇಜಿಗೆ ನಡೆದ. ಮಗಳ ಊರಿನ ಬಸ್ಸು ಹತ್ತಿ ಅವಳು ದಾರಿಯುದ್ದಕ್ಕೂ ಅತ್ತಳು.

ಮುಂದಿನ ವರ್ಷದ ಹೊತ್ತಿಗೆ ಎಲ್ಲ ಗ್ಯಾರೇಜಿನವರೂ ಆ ತಗಡು ಹಾಕತೊಡಗಿದ್ದರು. ಅಣ್ಣ ಕೆಲಸಕ್ಕೆ ಆಳುಗಳನ್ನು ಇಟ್ಟುಕೊಂಡ. ಅತ್ತಿಗೆ ತಾನೊಬ್ಬಳೇ ಹೊರಟು, ಡಬ್ಬಿಯಕ್ಕ ಇದ್ದ ಮಗಳ ಊರಿಗೆ ಬಂದು ಕೆಲವು ವಾರ ಇದ್ದಳು.

"ಅಣ್ಣ ಏನಂದ?"

"ನಿನ್ನ ಹೆಸರು ಎತ್ತಲ್ಲ" ಎಂದಳು ಅತ್ತಿಗೆ. "ನನ್ನ ತಡೀಲೂ ಇಲ್ಲ."